ಆ ಹುಡುಗನಿಗೆ ಏನಾಗಿತ್ತು?

ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಅಲ್ಲಿನ 26 ವರ್ಷದ ಹುಡುಗನೊಬ್ಬ ಬೆಳಿಗ್ಗೆ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದವನು ತೋಟದಲ್ಲೇ ಕುಸಿದುಬಿದ್ದು ತೀರಿಕೊಂಡ. ಅವನ ಮಾತು ತೆಗೆದರೆ ಸಾಕು, ಎಲ್ಲರೂ ಕೇಳುವುದು ಒಂದೇ: "ಏನಾಗಿತ್ತು ಅವನಿಗೆ?"

ಆಸ್ಪತ್ರೆ ತಲುಪುವ ಮುಂಚೆಯೇ ಜೀವ ಹೋಗಿತ್ತು. ಪೋಸ್ಟ್‌ಮಾರ್ಟಂ ಬೇಡ ಅಂದರು ಮನೆಯವರು. ಹಾರ್ಟ್ ಅಟ್ಯಾಕ್ ಅಂತ ಊರೇ ತೀರ್ಮಾನ ಮಾಡಿತು. ಇದೇ ಉತ್ತರ.

ಅಷ್ಟಕ್ಕೆ ಯಾರೂ ಬಿಡುವುದಿಲ್ಲ. ಕುಡೀತಿದ್ನಾ? ಸಿಗರೇಟ್ ಸೇದ್ತಿದ್ನಾ? 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೋದಾಗಲೂ ಹೀಗೇ ಆಯಿತಲ್ವಾ? ಜಿಮ್ಮೇ ಕಾರಣ ಅಂತ ಎಷ್ಟು ಜನ ಮಾತಾಡಿದರು! ತಪ್ಪು ಸತ್ತವನದೇ ಅಂತಾದರೆ ನಮ್ಮ ಮನೆ ಹುಡುಗರು ಬಚಾವು ಅನ್ನುವ ಲೆಕ್ಕ. ಭಯಕ್ಕೆ ಕೇಳುತ್ತಾರೆ, ನಾನು ಬೈಯುವುದಿಲ್ಲ. ಆದರೆ ಆ ಮಾತು ಅವರಮ್ಮನ ಕಿವಿಗೂ ಬೀಳುತ್ತದೆ.

ನಿಜಕ್ಕೂ ಕಾರಣ ಬೇಕಾಗಿದ್ದು ಅವನ ತಮ್ಮ, ತಂಗಿಗೆ. ವಯಸ್ಸಿನ ಹುಡುಗರ ಹೃದಯ ಏಕಾಏಕಿ ನಿಲ್ಲುವುದಕ್ಕೆ ರಕ್ತನಾಳ ಕಟ್ಟಿಕೊಳ್ಳುವುದೊಂದೇ ಕಾರಣ ಅಲ್ಲ. ಹೃದಯದ ಸ್ನಾಯು ದಪ್ಪಗಾಗುವ ಕಾಯಿಲೆ ಇದೆ, ಮಿಡಿತದ ಲಯವೇ ತಪ್ಪುವ ತೊಂದರೆಗಳಿವೆ. ಕೆಲವು ವಂಶದಲ್ಲಿ ಬರುತ್ತವೆ. ಹೊರಗೆ ಏನೂ ಕಾಣದೇ ಇರಬಹುದು. ಅದಕ್ಕೇ ಅವರಿಬ್ಬರಿಗೂ ಇಸಿಜಿ, ಎಕೋ ಮಾಡಿಸಿದೆವು. ಎರಡೂ ಸರಿಯಾಗಿಯೇ ಬಂದವು.

ಇನ್ನೊಂದು ಮಾತು. ಅವತ್ತು ತೋಟದಲ್ಲಿದ್ದವರು ಮುಖಕ್ಕೆ ನೀರು ಚಿಮುಕಿಸಿದರು, ಕೈಗೆ ಬೀಗದ ಕೈ ಕೊಟ್ಟರು. ಅವರಿಗೆ ಗೊತ್ತಿದ್ದದ್ದು ಅಷ್ಟೇ. ಯಾರಾದರೂ ಹೀಗೆ ಬಿದ್ದು ಉಸಿರಾಡದಿದ್ದರೆ 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುವವರೆಗೆ ಎದೆಯ ನಡುವೆ ಎರಡೂ ಕೈಯಿಟ್ಟು ನಿಮಿಷಕ್ಕೆ 100ರಿಂದ 120 ಸಲ ಜೋರಾಗಿ ಒತ್ತುತ್ತಿರಬೇಕು.

ನನಗೆ ಮಾತ್ರ ಅವನ ಸಾವಿಗಿಂತ ಆಮೇಲಿನ ಒಂದು ವಾರವೇ ಜಾಸ್ತಿ ನೆನಪಿಗೆ ಬರುತ್ತದೆ. ಅವತ್ತು ಅವರ ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರ ಎದ್ದಿತ್ತು. ಜ್ವರ ಅಂದರೆ ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತು. ನಾಲ್ಕನೆಯದು ಎದ್ದ ಮೇಲೆ ಗೂಡು ಕಟ್ಟುವವರೆಗೆ ಸುಮಾರು ಒಂದು ವಾರ. ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಆ ಒಂದು ವಾರದಲ್ಲೇ ಖಾಲಿ. ಮನೆಯಲ್ಲಿ ಸಾವಾಗಿದೆ ಅಂತ ಹುಳು ಕಾಯುತ್ತದೆಯೇ?

ಹುಳು ಮನೆಗೆ ಹೊರಗಿನವರನ್ನು ಸುಮ್ನೆ ಬಿಡುವುದಿಲ್ಲ. ಕಾಲಲ್ಲಿ ರೋಗ ಬರುತ್ತದೆ, ದೃಷ್ಟಿಯೂ ಆಗುತ್ತದೆ ಅಂತ. ಅವನಂತೂ ಈ ವಿಷಯದಲ್ಲಿ ಮಹಾ ಕಟ್ಟುನಿಟ್ಟು. ನನ್ನನ್ನೂ ಕೈಕಾಲು ತೊಳೆಸದೆ ಹೊಸಿಲು ದಾಟಿಸಿದವನಲ್ಲ. ಅಂಥ ಮನೆಗೆ ಅವನನ್ನು ಮಣ್ಣು ಮಾಡಿದ ದಿನ ಸಂಜೆಯಿಂದ ಊರಿನ ಅರ್ಧ ಜನ ಸ್ನಾನ ಮಾಡಿ, ಬಾಗಿಲಲ್ಲಿ ಕಾಲು ತೊಳೆದು ಒಳಗೆ ಹೋದರು. ಅವರ ತೋಟದ ಸೊಪ್ಪು ಸಾಲದೆ ಬಂದಾಗ ತಮ್ಮ ತೋಟದ್ದು ಕೊಯ್ದು ತಂದರು. ಬದುವಿನ ಜಗಳಕ್ಕೆ ವರ್ಷಗಟ್ಟಲೆ ಮಾತು ಬಿಟ್ಟಿದ್ದ ಪಕ್ಕದ ಹೊಲದವರೂ ಹೊರೆ ಹೊತ್ತರು. ಹೆಂಗಸರು ಪಾಳಿ ಮಾಡಿಕೊಂಡು ರಾತ್ರಿ ಮೇವು ಹಾಕಿದರು. ಹಾಲುತುಪ್ಪದ ದಿನವೂ ನಿಲ್ಲಲಿಲ್ಲ. ಹಣ್ಣಾದ, ಅಂದರೆ ಗೂಡು ಕಟ್ಟಲು ತಯಾರಾದ ಹುಳುಗಳನ್ನು ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ತಟ್ಟೆಗೆ ಬಿಟ್ಟವರೂ ಅವರೇ. ತಿಥಿ ಮುಗಿದ ಮೇಲೆ ಗೂಡು ಮಾರುಕಟ್ಟೆಗೆ ಹೋಯಿತು, ದುಡ್ಡು ಪೂರ್ತಿ ಅವರಪ್ಪನ ಕೈಗೆ ಬಂತು.

ಬಸ್ ಸ್ಟ್ಯಾಂಡಿನಲ್ಲಿ 'ಮತ್ತೆ ಹುಟ್ಟಿ ಬಾ ಗೆಳೆಯ' ಅಂತ ಫ್ಲೆಕ್ಸೂ ಕಟ್ಟಿದ್ದರು. ಅದರಲ್ಲಿ ಅವನಿಗಿಂತ ಮುಖಂಡರ ಫೋಟೊಗಳೇ ಜಾಸ್ತಿ. ಮೊದಲ ಮಳೆಗೇ ಹರಿದುಹೋಯಿತು. ಹೋಗಲಿ ಬಿಡಿ.

ಅವರ ಮನೆಗೆ ಹೋಗುವವರಿದ್ದರೆ ಧಾರಾಳವಾಗಿ ಹೋಗಿ. ಏನಾಗಿತ್ತು ಅಂತ ಮಾತ್ರ ಕೇಳಬೇಡಿ. ಗೂಡಿನ ರೇಟಿಗೆ ರೀಲರ್‌ಗಳ (ಗೂಡು ಕೊಂಡು ನೂಲು ತೆಗೆಯುವವರ) ಜೊತೆ ಹೇಗೆ ಜಗಳ ಆಡುತ್ತಿದ್ದ ಅಂತ ಕೇಳಿ. ಅವರಮ್ಮ ಎದ್ದು ನಿಂತು ಅವನ ಥರವೇ ಕೈ ಆಡಿಸಿ ತೋರಿಸುತ್ತಾರೆ. ಊಟ ಮಾಡಿಸದೆ ಕಳಿಸುವುದೂ ಇಲ್ಲ.