ಪೋರ್ಶೆ 959, ಫೆರಾರಿ ಎಫ್40 ಮತ್ತು ಭಾವನ ಹಟ

ಸ್ಟುಟ್‌ಗಾರ್ಟ್, ನವೆಂಬರ್ 17, 2024, ಭಾನುವಾರ

1980ರ ದಶಕದ ಎರಡು ಅತಿವೇಗದ ಕಾರುಗಳಲ್ಲಿ ನಾನು ಮೆಚ್ಚುವ ಪೋರ್ಶೆ 959ಕ್ಕಿಂತ ಫೆರಾರಿ ಎಫ್40 ಕಾರೇ ಮೇಲು ಎಂಬ ಹಳೆಯ ವಾದವನ್ನು ಇಂದು ಫೋನಿನಲ್ಲಿ ಭಾವ ಮತ್ತೆ ಎತ್ತಿದರು. "ಹರಾಜಿನಲ್ಲಿ ಎಫ್40 ಎದುರು ನಿಮ್ಮ 959 ಎಷ್ಟಕ್ಕೆ ನಿಲ್ಲುತ್ತದೆ, ಹೇಳಿ ನೋಡೋಣ" ಎಂದರು. ಎಫ್40ರ ಬೆಲೆಯೇ ಹೆಚ್ಚು ಎಂದು ಅವರು ಹೇಳುವುದು ಸರಿಯೇ, ಆದರೆ ಬೆಲೆಯೊಂದನ್ನೇ ತೀರ್ಪೆಂದು ಒಪ್ಪಲು ನನಗೆ ಮನಸ್ಸಾಗಲಿಲ್ಲ.

ಎರಡರ ಹುಟ್ಟಿಗೂ ಗ್ರೂಪ್ ಬಿ ಎಂಬ ಕಾರು ಸ್ಪರ್ಧೆಯ ವರ್ಗದ ನಿಯಮವೇ ಮೂಲ. ಹನ್ನೆರಡು ತಿಂಗಳಲ್ಲಿ 200 ಕಾರು ತಯಾರಿಸಿದರೆ ಸ್ಪರ್ಧೆಗೆ ಅರ್ಹತೆ ಸಿಗುತ್ತಿತ್ತು. ಪೋರ್ಶೆ 1983ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ತನ್ನ ಮಾದರಿಯನ್ನು ತೋರಿಸಿತು. ಫೆರಾರಿ ತನ್ನ 288 ಜಿಟಿಒ ಕಾರನ್ನು ಇನ್ನಷ್ಟು ತಿದ್ದುತ್ತಾ ಎಫ್40ರ ದಾರಿ ಹಿಡಿಯಿತು. 1986ರ ಕಾರ್ಸಿಕಾ ರ‍್ಯಾಲಿಯಲ್ಲಿ ಚಾಲಕ ಹೆನ್ರಿ ಟೊಯ್ವೊನೆನ್ ಮತ್ತು ಸಹಚಾಲಕ ಸೆರ್ಜಿಯೊ ಕ್ರೆಸ್ಟೊ ಅಪಘಾತದಲ್ಲಿ ಸತ್ತ ಮೇಲೆ ಆ ವರ್ಗವನ್ನೇ ಮುಚ್ಚಲಾಯಿತು. ಓಡಬೇಕಿದ್ದ ಸ್ಪರ್ಧೆ ಇಲ್ಲವಾದರೂ ಕಾರುಗಳು ಉಳಿದವು.

ಪೋರ್ಶೆಯ ಎಂಜಿನಿಯರ್ ಹೆಲ್ಮುತ್ ಬಾಟ್ ಅವರ ಮುಂದಾಳತ್ವದಲ್ಲಿ ರೂಪುಗೊಂಡ 959ರಲ್ಲಿ, ಅಂದಿನ ಎಂಜಿನಿಯರುಗಳಿಗೆ ತಿಳಿದಿದ್ದ ವಿದ್ಯೆಯಷ್ಟನ್ನೂ ತುಂಬಲಾಗಿತ್ತು. ಅದರ 2.85 ಲೀಟರಿನ ಆರು ಸಿಲಿಂಡರ್ ಎಂಜಿನ್ನಿನಲ್ಲಿ ಸಿಲಿಂಡರುಗಳಿಗೆ ಗಾಳಿಯ ತಂಪು, ಅವುಗಳ ಮುಚ್ಚಳಗಳಾದ ಹೆಡ್ಡುಗಳಿಗೆ ನೀರಿನ ತಂಪು; ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊಗಳು ಎರಡು, ಮೊದಲು ಒಂದೇ ತಿರುಗಿ, ವೇಗ ಏರಿದಂತೆ ಎರಡನೆಯದು ಜೊತೆಗೂಡುವುದರಿಂದ ಬಲ ಒಮ್ಮೆಲೇ ಒದೆಯುವುದಿಲ್ಲ. ನಾಲ್ಕೂ ಚಕ್ರಗಳಿಗೆ ಹೋಗುವ 450 ಅಶ್ವಶಕ್ತಿಯನ್ನು ಹಿಂದು ಮುಂದಿನ ಚಕ್ರಗಳ ನಡುವೆ ಹೇಗೆ ಹಂಚಬೇಕೆಂಬುದನ್ನು ಎಲೆಕ್ಟ್ರಾನಿಕ್ಸ್ ನಿರ್ಧರಿಸುತ್ತದೆ. ಚಕ್ರದ ಕಡ್ಡಿಗಳೂ ಟೊಳ್ಳು, ಟೈರಿನ ಗಾಳಿ ಇಳಿದರೆ ಎಚ್ಚರಿಸುವ ಸಂವೇದಕ ಬೇರೆ. ಇದೇ ಕಾರು 1986ರ ಪ್ಯಾರಿಸ್–ಡಾಕರ್ ಸ್ಪರ್ಧೆಯ ಮರಳಿನಲ್ಲಿ ಮೊದಲ ಎರಡು ಸ್ಥಾನಗಳನ್ನು ಗೆದ್ದಿತು ಎಂದಾಗ ಮಾತ್ರ ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದರು.

ಎಫ್40ರ ನಡೆ ಇದಕ್ಕೆ ತೀರಾ ವಿರುದ್ಧ. 1987ರ ಜುಲೈನಲ್ಲಿ ಫೆರಾರಿಯ ಊರಾದ ಮರನೆಲ್ಲೊದಲ್ಲಿ ಅನಾವರಣಗೊಂಡ ಈ ಕಾರಿನಲ್ಲಿ ಬ್ರೇಕು ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಇಲ್ಲ, ಪವರ್ ಸ್ಟೀರಿಂಗ್ ಇಲ್ಲ, ರೇಡಿಯೊ ಇಲ್ಲ, ನೆಲಹಾಸೂ ಇಲ್ಲ. 478 ಅಶ್ವಶಕ್ತಿಯ ಭಾರವನ್ನೆಲ್ಲ ಹಿಂದಿನ ಎರಡು ಚಕ್ರಗಳೇ ಹೊರಬೇಕು. ಇಲ್ಲೇ ಹತ್ತಿರದ ಬೋಬ್ಲಿಂಗನ್‌ನ ಹಳೆಯ ವಿಮಾನ ನಿಲ್ದಾಣದಲ್ಲಿ, ಸಂಗ್ರಾಹಕರು ಕಾರು ನಿಲ್ಲಿಸುವ ಗಾಜಿನ ಪೆಟ್ಟಿಗೆಯೊಂದರಲ್ಲಿ ನಾನು ಅದನ್ನು ಹತ್ತಿರದಿಂದ ನೋಡಿದ್ದೇನೆ: ಕೆಂಪು ಬಣ್ಣ ಎಷ್ಟು ತೆಳುವೆಂದರೆ ಕಾರಿನ ಮೈಯ ಕಾರ್ಬನ್ ಮತ್ತು ಕೆವ್ಲಾರ್ ಎಳೆಗಳ ನೇಯ್ಗೆ ರವಿಕೆಯ ಅಸ್ತರಿನಂತೆ ಕೆಳಗಿನಿಂದ ಇಣುಕುತ್ತಿತ್ತು, ಬಾಗಿಲು ತೆರೆಯಲು ಒಳಗೆ ಹಿಡಿಯ ಬದಲು ಒಂದು ಹುರಿ ಮಾತ್ರ ಇತ್ತು. ಅದರ ರಬ್ಬರಿನ ಇಂಧನ ಚೀಲಗಳು ಓಡಿಸದೆ ನಿಲ್ಲಿಸಿದರೂ ಮುಪ್ಪಾಗುತ್ತವೆ, ಬದಲಿಸುವ ಖರ್ಚು ಕೇಳಿದರೆ ಆಸೆಯೇ ಇಂಗಿಹೋಗಬೇಕು! ಭಾವನಿಗೆ ಅದನ್ನು ಹೇಳಲಿಲ್ಲ.

ಬ್ರೇಕಿನ ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವ ನನಗೆ 959ರ ಮೇಲೆಯೇ ಹೆಚ್ಚು ಗೌರವ. ಆದರೆ ಅದರ ಟೈರು ಸಂವೇದಕವನ್ನೇ ನೋಡಿ, 2014ರ ನವೆಂಬರಿನಿಂದ ಯುರೋಪಿನಲ್ಲಿ ಮಾರಾಟವಾಗುವ ಪ್ರತಿಯೊಂದು ಹೊಸ ಕಾರಿಗೂ ಅಂಥ ವ್ಯವಸ್ಥೆ ಕಡ್ಡಾಯವಾಗಿದೆ. ಗೆದ್ದದ್ದರಿಂದಲೇ ಅದು ಸಾಮಾನ್ಯವಾಯಿತು. ಎಫ್40ರಂಥ ಹೊಸ ಕಾರನ್ನು ಇಂದಿನ ಸುರಕ್ಷತಾ ನಿಯಮಗಳು ರಸ್ತೆಗೇ ಬಿಡುವುದಿಲ್ಲ, ಹಾಗಾಗಿ ಅದರ ಬೆರಗು ಸವೆಯುವ ಅವಕಾಶವೇ ಬರಲಿಲ್ಲ. ಭಾವ ಹೇಳುವ ಬೆಲೆಯಲ್ಲಿ ಅರ್ಧ ಪಾಲು ಇದಕ್ಕೇ ಸಲ್ಲುತ್ತದೆಯೇನೋ. ಉಳಿದರ್ಧ, ಕಂಪನಿ ಕಟ್ಟಿದ ಎಂಝೊ ಫೆರಾರಿ ಬದುಕಿದ್ದಾಗ ಒಪ್ಪಿಗೆ ಕೊಟ್ಟ ಕೊನೆಯ ಕಾರೆಂಬ ಮಮತೆಗೆ. ಹಾಗೆಂದು ನಾಳೆ ಯಾರಾದರೂ ಎರಡರ ಬೀಗದ ಕೈಯನ್ನೂ ಮುಂದೆ ಹಿಡಿದರೆ, ಮಳೆ ಬರುತ್ತಿದ್ದರೆ ಖಂಡಿತ 959, ಬಿಸಿಲಿದ್ದರೆ ಮಾತ್ರ…