ಕೇಳುಗರ ಕೈಗೆ ಬಂದ ಕಾವ್ಯ

ಷಿಕಾಗೋದಲ್ಲಿ ಕಟ್ಟಡ ಕೆಲಸ ಮಾಡುತ್ತಿದ್ದ ಮಾರ್ಕ್ ಸ್ಮಿತ್ ರೂಪಿಸಿದ ಪೊಯೆಟ್ರಿ ಸ್ಲ್ಯಾಮ್ ಎಂಬ ಕವಿತಾವಾಚನ ಸ್ಪರ್ಧೆ, 1986ರಲ್ಲಿ ಗ್ರೀನ್ ಮಿಲ್ ಎಂಬ ಹಳೆಯ ಜಾಝ್ ಕ್ಲಬ್ಬಿನಲ್ಲಿ ನೆಲೆ ಕಂಡಿತು. ಅದರ ನಿಯಮಗಳಲ್ಲಿಯೇ ಒಂದು ಸಾಮಾಜಿಕ ನಿಲುವಿದೆ ಎಂದು ನಾನು ನಂಬುತ್ತೇನೆ. ಸಭೆಯಿಂದಲೇ ಆರಿಸಿದ ಐವರು ಪ್ರತಿ ಕವಿತೆಗೂ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡುತ್ತಾರೆ. ಅತಿ ಹೆಚ್ಚಿನ ಮತ್ತು ಅತಿ ಕಡಿಮೆ ಅಂಕಗಳನ್ನು ಕೈಬಿಟ್ಟು ಉಳಿದ ಮೂರನ್ನು ಕೂಡಿಸಲಾಗುತ್ತದೆ. ವಾದ್ಯವಿಲ್ಲ, ವೇಷವಿಲ್ಲ, ಸುಮಾರು ಮೂರು ನಿಮಿಷಗಳ ಕಾಲ ಸ್ವಂತ ಕವಿತೆ ಮತ್ತು ಸ್ವಂತ ದನಿ ಮಾತ್ರ. ಕಾವ್ಯದ ಬೆಲೆ ಕಟ್ಟುವ ಅಧಿಕಾರ ವಿಶ್ವವಿದ್ಯಾಲಯದಿಂದ ಸಾಮಾನ್ಯ ಕೇಳುಗನ ಕೈಗೆ ಬಂದದ್ದು ಸಣ್ಣ ಬದಲಾವಣೆಯಲ್ಲ.

ಇದರ ಫಲ ಎದ್ದು ಕಂಡದ್ದು 2001ರಲ್ಲಿ ಅದೇ ನಗರದಲ್ಲಿ ಹದಿಹರೆಯದವರಿಗಾಗಿ ಶುರುವಾದ 'ಲೌಡರ್ ದ್ಯಾನ್ ಎ ಬಾಂಬ್' ಸ್ಪರ್ಧೆಯಲ್ಲಿ. ಕರಿಯರು, ಬಿಳಿಯರು, ಲ್ಯಾಟಿನ್ ಅಮೆರಿಕ ಮೂಲದ ಲ್ಯಾಟಿನೋಗಳು ಬೇರೆಬೇರೆ ಬಡಾವಣೆಗಳಲ್ಲಿ ಹಂಚಿಹೋಗಿರುವ ಷಿಕಾಗೋದಲ್ಲಿ, ಪರಸ್ಪರರ ಬೀದಿಗೆ ಎಂದೂ ಕಾಲಿಡದ ಮಕ್ಕಳು ಒಂದೇ ಸಭಾಂಗಣದಲ್ಲಿ ಕುಳಿತು, ಪೊಲೀಸರ ಭಯ, ಗುಂಡೇಟಿಗೆ ಬಲಿಯಾದ ಗೆಳೆಯ, ವಲಸೆ ಬಂದ ತಾಯಿಯ ದುಡಿಮೆ ಇವುಗಳನ್ನು ಒಬ್ಬರಿಂದೊಬ್ಬರು ನೇರವಾಗಿ ಕೇಳಿಸಿಕೊಂಡದ್ದು ಅಪರೂಪದ ಸಂಗತಿ. ಕವಿತೆಯೊಂದು ಕಾನೂನನ್ನು ತಿದ್ದಲಾರದು, ನಿಜ. ಆದರೆ ತಮ್ಮ ಕುರಿತು ಬೇರೆಯವರು ಬರೆದ ಅಪರಾಧ ವರದಿಗಳನ್ನೇ ಓದಿ ಬೆಳೆದ ಮಕ್ಕಳಿಗೆ ತಮ್ಮ ಬದುಕನ್ನು ತಾವೇ ಹೇಳುವ ಹಕ್ಕು ಅಲ್ಲಿ ದಕ್ಕಿತು.

ಅಂಕಗಳ ಬಗ್ಗೆ ನನಗೆ ಆತಂಕವೂ ಇದೆ. ನೋವು ಹೆಚ್ಚಿದಷ್ಟೂ ಅಂಕ ಹೆಚ್ಚೆಂದು ಕಲಿತ ಮಗು ತನ್ನ ಸಂತೋಷಗಳನ್ನು ಬರೆಯದೇ ಹೋಗಬಹುದು.