ಪೆರಾಕ್ಸೈಡ್ ಬರೀ ವಿಷವಲ್ಲ

14 ಜೂನ್ 2024, ಶುಕ್ರವಾರ

1995ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಒಂದು ಸಂಶೋಧನಾ ಪ್ರಬಂಧವನ್ನು ಇವತ್ತು ಮತ್ತೆ ಓದಿದೆ. ಎಷ್ಟು ಸಲ ಓದಿದರೂ ಖುಷಿ ಕೊಡುತ್ತದೆ.

ರಕ್ತನಾಳಕ್ಕೆ ಗಾಯವಾದರೆ ಪ್ಲೇಟ್‌ಲೆಟ್‌ಗಳು ಅಲ್ಲಿ ಸೇರಿ ಪಿಡಿಜಿಎಫ್ ಎಂಬ ಬೆಳವಣಿಗೆ ಅಂಶವನ್ನು ಬಿಡುತ್ತವೆ. ಅದು ತಾಗಿದರೆ ನಾಳದ ಗೋಡೆಯಲ್ಲಿ ಸುಮ್ಮನಿದ್ದ ಸ್ನಾಯು ಕೋಶಗಳು ವಿಭಜನೆಗೆ ಹೊರಡುತ್ತವೆ. ಇಷ್ಟು 1970ರ ದಶಕದಲ್ಲೇ ಗೊತ್ತಿತ್ತು. 1995ರ ತಂಡ ಇಲಿಯ ಕೋಶಗಳಲ್ಲಿ ಕಂಡದ್ದು ಬೇರೆ. ಪಿಡಿಜಿಎಫ್ ಸೋಕಿದ ಕೂಡಲೇ ಕೋಶದೊಳಗೆ ಹೈಡ್ರೋಜನ್ ಪೆರಾಕ್ಸೈಡ್ ಏರುತ್ತದೆ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಅದನ್ನು ನೀರು, ಆಮ್ಲಜನಕವಾಗಿ ಒಡೆಯುವ ಕ್ಯಾಟಲೇಸ್ ಕಿಣ್ವವನ್ನು ಕೋಶದೊಳಗೆ ಹೆಚ್ಚಿಸಿದರೆ? ಪಿಡಿಜಿಎಫ್ ಇದ್ದರೂ ಸಂದೇಶ ಮುಂದೆ ಹೋಗುವುದಿಲ್ಲ. ಡಿಎನ್‌ಎ ನಕಲೂ ನಿಲ್ಲುತ್ತದೆ.

ಅಂದರೆ ಪೆರಾಕ್ಸೈಡ್ ಇಲ್ಲಿ ಕಸವಲ್ಲ, ಸಂದೇಶದ ಭಾಗವೇ. ಪಿಡಿಜಿಎಫ್ ಹೊತ್ತಿಸಿದ ಸಂದೇಶವನ್ನು ಆರಿಸುವುದು ಫಾಸ್ಫಟೇಸ್ ಕಿಣ್ವಗಳ ಕೆಲಸ. ಪೆರಾಕ್ಸೈಡ್ ಅವುಗಳಲ್ಲಿರುವ ಸಿಸ್ಟೀನ್ ಎಂಬ ಒಂದು ಅಮೈನೋ ಆಮ್ಲವನ್ನು ಉತ್ಕರ್ಷಿಸಿ ಸ್ವಲ್ಪ ಕಾಲ ಅವುಗಳ ಕೈ ಕಟ್ಟಿಹಾಕುತ್ತದೆ. ಅಷ್ಟರಲ್ಲಿ ಸಂದೇಶ ಬಲಗೊಳ್ಳುತ್ತದೆ. ಎಷ್ಟು ಚಂದದ ಏರ್ಪಾಡು, ಅಲ್ವಾ!

ಹಾಗಾಗಿ ಇಂಥ ಆಮ್ಲಜನಕದ ಚುರುಕು ಅಣುಗಳನ್ನು ತಡೆಯುವ ಆ್ಯಂಟಿಆಕ್ಸಿಡೆಂಟ್ ಜಾಸ್ತಿ ಆದಷ್ಟೂ ಒಳ್ಳೆಯದು ಎಂಬ ಮಾತು ಕೇಳಿದರೆ ನನಗೆ ಬೇಸರವಾಗುತ್ತದೆ. ಸೂಪರಾಕ್ಸೈಡ್ ಡಿಸ್ಮ್ಯುಟೇಸ್ ಎಂಬ ಕಿಣ್ವ ಕೂಡ ಆ ಪಟ್ಟಿಯಲ್ಲೇ ಇದೆ, ಆದರೆ ಅದು ಸೂಪರಾಕ್ಸೈಡ್ ಎಂಬ ಇನ್ನೊಂದು ಚುರುಕು ಅಣುವನ್ನು ಅಳಿಸಿ ಪೆರಾಕ್ಸೈಡನ್ನು ಹುಟ್ಟಿಸುತ್ತದೆ! ಕ್ಯಾಟಲೇಸ್ ಅದನ್ನೇ ಒಡೆಯುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ? ವಿಟಮಿನ್ ಇ ಮಾತ್ರೆಯಂತೂ ಇನ್ನೂ ದೂರದ ಮಾತು. 2000ದಲ್ಲಿ ಬಂದ 'ಹೋಪ್' ಎಂಬ ವೈದ್ಯಕೀಯ ಪ್ರಯೋಗದಲ್ಲಿ ಅದು ಹೃದಯಾಘಾತವನ್ನಾಗಲಿ ಪಾರ್ಶ್ವವಾಯುವನ್ನಾಗಲಿ ತಗ್ಗಿಸಲಿಲ್ಲ.

ನನಗೆ ಹೆಚ್ಚು ಕುತೂಹಲ ಪೆರಾಕ್ಸೈಡನ್ನು ಒಡೆಯುವ ಇನ್ನೊಂದು ಕಿಣ್ವ ಪೆರಾಕ್ಸಿರೆಡಾಕ್ಸಿನ್ 2 ಬಗ್ಗೆ. ಪಿಡಿಜಿಎಫ್ ಬಂದಾಗ ಅದು ಕೋಶದ ಮೇಲೆ ಪಿಡಿಜಿಎಫ್ ಅನ್ನು ಹಿಡಿಯುವ ಗ್ರಾಹಕ ಪ್ರೋಟೀನಿನ ಹತ್ತಿರವೇ ಹೋಗಿ ಪೆರಾಕ್ಸೈಡನ್ನು ಹಿಡಿತದಲ್ಲಿಡುತ್ತದೆ. ಈ ಕಿಣ್ವವಿಲ್ಲದ ಇಲಿಗಳಲ್ಲಿ ಗಾಯಗೊಂಡ ನಾಳದ ಒಳಗೋಡೆ ಜಾಸ್ತಿ ದಪ್ಪವಾಯಿತು ಎಂದು 2005ರಲ್ಲಿ ವರದಿಯಾಯಿತು. ಚಿಕಿತ್ಸೆಯಲ್ಲಿ ಬಲೂನಿನಿಂದ ಅಗಲಿಸಿದ ನಾಳ ಮತ್ತೆ ಕಿರಿದಾಗಲು ಹೀಗೆ ಸ್ನಾಯು ಕೋಶ ಬೆಳೆಯುವುದೂ ಒಂದು ಕಾರಣ.

ಹಾಗಾದರೆ ಈ ಕಿಣ್ವವನ್ನು ಹೆಚ್ಚಿಸಿದರೆ ಸಾಕೇ ಎಂದುಕೊಳ್ಳುವಷ್ಟರಲ್ಲಿ ಇನ್ನೊಂದು ಸಂಗತಿ ಎದುರಾಗುತ್ತದೆ. ಗಾಯ ಮುಚ್ಚಬೇಕಾದ ಒಳಪದರದ ಕೋಶಗಳಲ್ಲಿ ಅವುಗಳನ್ನು ಬೆಳೆಸುವ ವಿಇಜಿಎಫ್ ಎಂಬ ಅಂಶದ ಸಂದೇಶ ನಡೆಯಲು ಇದೇ ಕಿಣ್ವ ಬೇಕು. ಸ್ನಾಯು ಕೋಶವನ್ನು ತಡೆಯುವುದು, ಪಕ್ಕದ ಕೋಶಕ್ಕೆ ನೆರವಾಗುವುದು, ಎರಡೂ ಒಂದರಿಂದಲೇ! ಇದರ ಬಗ್ಗೆ ಇನ್ನಷ್ಟು ಓದಬೇಕು.